ಆಯಿಯ ಹಿತ್ತಲು

ಸಿರಸಿ ಸೀಮೆಯ ಅಡಿಕೆ ತೋಟದ ಮನೆಗಳಲ್ಲಿ ಎಪ್ಪತ್ತು, ಎಂಬತ್ತರ ದಶಕದಲ್ಲಿ ಬೆಳೆದ ನಮ್ಮಂಥ ಮಕ್ಕಳಿಗೆ ತರಕಾರಿ ಬೀಜ ಸಿಗುತ್ತಿದ್ದುದು ಅಡುಗೆಮನೆಯ ಗೋಡೆಯಲ್ಲಿ. ಹಿಂದಿನ ವರ್ಷದ ಚೆಂದದ ಮೊಗೆಕಾಯಿ, ಸೌತೆಕಾಯಿಗಳ ಬೀಜವನ್ನು ತೊಳೆದು, ಸಗಣಿಯಲ್ಲಿ ಕಲಸಿ, ರೊಟ್ಟಿ ತಟ್ಟಿ ಒಲೆಯ ಮೇಲ್ಗಡೆಯ ಗೋಡೆಗೆ ಮೆತ್ತಿಡುತ್ತಿದ್ದರು. ಅಲ್ಲೇ ಪಕ್ಕದ ಅಡ್ಡೆಗೆ ತೊಟ್ಟು ಸಮೇತ ಒಣಗಿದ ಹೀರೆಕಾಯಿ ನೇತಾಡುತ್ತಿತ್ತು, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತಿತ್ತು. ಹಾಗಲ, ಪಡವಲ, ಬೆಂಡೆಯ ಬೀಜಗಳು ಬೂದಿಯಲ್ಲಿ ಹೊರಳಿ ಬಾಟಲಿಗಳಲ್ಲಿದ್ದವು. ವರ್ಷವಿಡೀ ಹೊಗೆ ಕುಡಿದು ಕಪ್ಪಾದ ಆ ಗೋಡೆಯಿಂದ ರೋಹಿಣಿ ಮಳೆಯ ಹೊತ್ತಿಗೆ ಅಮ್ಮಮ್ಮ ಸಗಣಿಯ ಬಿಲ್ಲೆಗಳನ್ನು ಕತ್ತಿಯ ತುದಿಯಿಂದ ಎಬ್ಬಿಸುವಾಗ ಕೆಳಗೆ ಮೊರ ಹಿಡಿದು ನಿಲ್ಲುವುದು ಮಕ್ಕಳ ಕೆಲಸ. "ಸೊಕ್ಕಡ ಮಾಣಿ, ಒಂದು ಬೀಜ ಕೆಳಗೆ ಬಿದ್ರೂ ಒಂದು ಬಳ್ಳಿ ಹೋತು" ಅಂತ ಅವಳು ಮೇಲಿನಿಂದ ಹೇಳುತ್ತಿದ್ದಳು. ನಾವು ಉಸಿರು ಬಿಗಿಹಿಡಿದು ಮೊರ ಹಿಡಿಯುತ್ತಿದ್ದೆವು. ಒಣಗಿದ ಸಗಣಿ, ಹೊಗೆ, ಬೂದಿಯ ಆ ವಾಸನೆ ಮೂಗಿಗೆ ಬಡಿದರೆ ಮಳೆಗಾಲ ಬಂತು ಅಂತಲೇ ಲೆಕ್ಕ, ಆಕಾಶದಲ್ಲಿ ಮೋಡ ಇರಲಿ ಬಿಡಲಿ.

ಮನೆ ಇದ್ದದ್ದು ಗುಡ್ಡದ ಹೆಗಲಲ್ಲಿ. ಕೆಳಗೆ ಕಣಿವೆಯಲ್ಲಿ ತೋಟ, ಮೇಲೆ ಸೊಪ್ಪಿನ ಬೆಟ್ಟ, ಆಚೆ ಮಗ್ಗುಲಲ್ಲಿ ಉಣ್ಣುವಷ್ಟು ಭತ್ತ ಬೆಳೆಯುವ ಗದ್ದೆ. ತೋಟವೆಂದರೂ ಎಕರೆಯ ಮೇಲೆ ಚಿಲ್ಲರೆ ಗುಂಟೆ ಅಷ್ಟೇ. ಅಷ್ಟರಲ್ಲೇ ಅಡಿಕೆ, ಅದಕ್ಕೆ ಹಬ್ಬಿದ ಕಾಳುಮೆಣಸು ಮತ್ತು ವೀಳ್ಯದೆಲೆ, ನಡುನಡುವೆ ಬಾಳೆ, ಕಾದಿಗೆಯ ತಂಪಲ್ಲಿ ಏಲಕ್ಕಿ, ಹೆಗ್ಗಾಲುವೆಯ ದಡದಲ್ಲಿ ಒಂದು ಜಾಜಿಕಾಯಿ ಮರ. ತೋಟ ಅಜ್ಜನದು, ಅಪ್ಪಯ್ಯನದು, ಚಿಕ್ಕಪ್ಪಂದಿರದು. ಅದರ ಅಡಿಕೆ ಸಿರಸಿಗೆ ಹೋಗುತ್ತಿತ್ತು, 1923ರಲ್ಲಿ ಊರೂರಿನ ತೋಟಿಗರು ಕೂಡಿ ಕಟ್ಟಿದ ತೋಟಗಾರ್ಸ್ ಸೊಸೈಟಿಯ ಅಂಗಳದಲ್ಲಿ ರಾಶಿ ಬಿದ್ದು ಟೆಂಡರಿಗೆ ನಿಲ್ಲುತ್ತಿತ್ತು, ಅದರ ಪಟ್ಟಿ ಅಜ್ಜನ ಕೆಂಪು ರಟ್ಟಿನ ಪುಸ್ತಕದಲ್ಲಿ ಸೇರುತ್ತಿತ್ತು. ಹಿತ್ತಲು ಮಾತ್ರ ಆಯಿಯದು. ಬಚ್ಚಲಮನೆಯ ಹಿಂದಿನಿಂದ ಹಿಡಿದು ಕೊಟ್ಟಿಗೆಯ ಗೊಬ್ಬರಗುಂಡಿಯವರೆಗೆ, ಬಾವಿಕಟ್ಟೆಯಿಂದ ಮೇಲಿನ ಅಗಳದವರೆಗೆ, ಏರುತಗ್ಗಿನ ಒಂದಿಷ್ಟು ನೆಲ. ಅದಕ್ಕೆ ಸರ್ವೆ ನಂಬರು ಇತ್ತೋ ಇಲ್ಲವೋ, ಪುಸ್ತಕದಲ್ಲಂತೂ ಒಂದು ಗೆರೆಯೂ ಇರಲಿಲ್ಲ. ಮೂರು ಹೊತ್ತು ಇಪ್ಪತ್ತು ಬಾಳೆಲೆ ಬೀಳುವ ಮನೆಯ ಅನ್ನದ ಜೊತೆಗೆ ಬರುವುದೆಲ್ಲ ಆ ನೆಲದಿಂದಲೇ ಬರುತ್ತಿತ್ತು. ಪೇಟೆಯಿಂದ ಉಪ್ಪು, ಬೇಳೆ, ಸೀಮೆಎಣ್ಣೆ, ಬೆಂಕಿಪೊಟ್ಟಣ ಬಂದರೆ ಸಾಕಿತ್ತು.

ಮೃಗಶಿರೆ ಹಿಡಿಯುವುದರೊಳಗೆ ಬೀಜ ನೆಲಕ್ಕೆ ಬೀಳಬೇಕು. ಅಡಿಕೆ ಹಾಳೆಯನ್ನು ಮಡಚಿ, ಬಿದಿರಿನ ಕಡ್ಡಿ ಚುಚ್ಚಿ ಕೊಟ್ಟೆ ಮಾಡಿಕೊಡುವುದು ಅಜ್ಜನ ಕೆಲಸ, ಅದಕ್ಕೆ ಹುಡಿಗೊಬ್ಬರ ತುಂಬುವುದು ನಮ್ಮದು, ಬೀಜ ಊರುವುದು ಆಯಿಯದೇ. ಮೊಳಕೆ ಎರಡೆಲೆ ಬಿಟ್ಟ ಮೇಲೆ ಹಾಳೆಯ ಸಮೇತ ನೆಲಕ್ಕೆ ಇಟ್ಟರೆ ಬೇರಿಗೆ ನೋವಾಗುವುದಿಲ್ಲ, ಹಾಳೆ ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ. ಮೊಗೆಬಳ್ಳಿಗೆ ನೆಲವೇ ಸಾಕು, ಹೀರೆಗೂ ಪಡವಲಕ್ಕೂ ಚಪ್ಪರ ಬೇಕು. ಬಿದ್ದ ಅಡಿಕೆ ಮರವನ್ನು ಸೀಳಿದ ದಬ್ಬೆಗಳನ್ನು ಅಡ್ಡಡ್ಡ ಹಾಸಿ, ಅದರ ಮೇಲೆ ಬಿದಿರ ಜಿಗ್ಗು ಹೊದೆಸಿ, ಬಾಳೆಪಟ್ಟೆಯಲ್ಲಿ ಬಿಗಿಯುತ್ತಿದ್ದರು. ಬಸಳೆ ಬಚ್ಚಲ ನೀರು ಹರಿಯುವ ಕಡೆ, ಕೆಸ ಅದರ ಕೆಳಗೆ, ಅರಿಶಿನ, ಶುಂಠಿ, ಸುವರ್ಣಗಡ್ಡೆ ಧರೆಯ ಬುಡದಲ್ಲಿ, ನುಗ್ಗೆ ಮತ್ತು ಬೇವಿನಸೊಪ್ಪು ಬಾವಿಯ ಹತ್ತಿರ, ಸೂಜಿಮೆಣಸು ಹಕ್ಕಿ ಹಿಕ್ಕೆ ಹಾಕಿದಲ್ಲೆಲ್ಲ. ಯಾವುದಕ್ಕೆ ಎಲ್ಲಿ ಜಾಗ ಅನ್ನುವುದು ಆಯಿಗೆ ಅವಳ ಅತ್ತೆಯಿಂದ ಬಂದದ್ದು. ಅಮ್ಮಮ್ಮ ಕಣ್ಣು ಮಂಜಾದ ಮೇಲೂ ಕೋಲೂರಿಕೊಂಡು ಹೋಗಿ, ಹಾಗಲ ಬಳ್ಳಿಯ ಕುಡಿಯನ್ನು ಬೆರಳಲ್ಲೇ ತಡಕಿ ಚಪ್ಪರದ ಕಡೆ ತಿರುಗಿಸಿ ಬರುತ್ತಿದ್ದಳು.

ಮಕ್ಕಳು ಎಂದರೆ ಒಟ್ಟು ಮನೆಯ ಮಕ್ಕಳು. ದೊಡ್ಡಪ್ಪನವರು, ನಾವು, ಚಿಕ್ಕಪ್ಪನವರು, ಶಾಲೆಗೆ ಅಂತ ಬಂದು ಉಳಿದ ಅತ್ತೆಯ ಮಗ, ಬೇಸಗೆ ರಜೆಗೆ ಬಂದು ಮಳೆ ಹಿಡಿದ ಮೇಲೆ ಹೋಗುವ ಇನ್ನಷ್ಟು ಮಂದಿ. ಒಬ್ಬೊಬ್ಬರಿಗೂ ಹಿತ್ತಲಲ್ಲಿ ಒಂದೊಂದು ಬಾಬತ್ತು. ಬೆಳಿಗ್ಗೆ ಎದ್ದು ಮೊಗೆಬಳ್ಳಿಯ ಎಲೆಯಡಿಯ ಕೆಂಪುಹುಳ ಹೆಕ್ಕಿ ಬೂದಿ ಎರಚುವವನು ಒಬ್ಬ. ಉಣಗೋಲು ಹಾಕಿದೆಯೋ ಇಲ್ಲವೋ ನೋಡುವವಳು ಒಬ್ಬಳು, ಏಕೆಂದರೆ ಕೌಲಿ ದನ ಮೂಗಿನಿಂದ ಉಣಗೋಲಿನ ಗಳ ಸರಿಸುವುದನ್ನು ಕಲಿತುಬಿಟ್ಟಿತ್ತು. ಮೊದಲ ಹೀರೆ ಹೂ ಬಿಟ್ಟ ಸುದ್ದಿಯನ್ನು ಯಾರು ಮೊದಲು ಒಳಗೆ ಬಂದು ಹೇಳುತ್ತಾರೋ ಅವರಿಗೆ ಆ ಬಳ್ಳಿಯ ಮೊದಲ ಕಾಯಿಯ ಪಲ್ಯ ಮೊದಲು ಬಡಿಸಬೇಕು ಅನ್ನುವುದು ನಮ್ಮೊಳಗಿನ ಕಾನೂನು. ಆಯಿ ಅದನ್ನು ಕೊನೆಯವರೆಗೂ ಪಾಲಿಸಿದಳು, ನಮಗೆ ಮೀಸೆ ಬಂದ ಮೇಲೂ.

ಡೇರೆಯ ವಿಷಯ ಬೇರೆಯೇ ಹೇಳಬೇಕು. ತಿನ್ನುವುದಕ್ಕಲ್ಲ, ಮಾರುವುದಕ್ಕಲ್ಲ, ದೇವರಿಗೂ ಹೆಚ್ಚಾಗಿ ಏರಿಸುವುದಿಲ್ಲ. ಆದರೂ ನಮ್ಮ ಕಡೆಯ ಹೆಂಗಸರು ಆ ಹೂವಿಗಾಗಿ ಪಟ್ಟ ಪಾಡು ಅಷ್ಟಿಷ್ಟಲ್ಲ. ಚಳಿಗಾಲದಲ್ಲಿ ಒಣಗಿದ ಗಿಡದ ಗಡ್ಡೆಗಳನ್ನು ತೆಗೆದು, ನಾಗಂದಿಗೆಯ ಕೆಳಗಿನ ಕತ್ತಲ ಮೂಲೆಯಲ್ಲಿ ಮರಳು ಹಾಕಿ ಮುಚ್ಚಿಡುವುದು, ಮೇ ತಿಂಗಳಲ್ಲಿ ಕಣ್ಣು ಒಡೆದಿದೆಯಾ ಅಂತ ದಿನಕ್ಕೊಂದು ಸಲ ನೋಡುವುದು, ಹಿಳ್ಳು ಬಂದ ಕೂಡಲೇ ಕೊಟ್ಟೆಯಲ್ಲಿ ನೆಟ್ಟು ಜಗಲಿಯ ಅಂಚಿಗೆ ಸಾಲಾಗಿ ಇಡುವುದು, ಧೋ ಅಂತ ಹೊಯ್ಯುವ ಮಳೆಗೆ ಬುಡ ಕೊಳೆಯದಂತೆ ಧರೆಯ ಮೇಲೆ ಎತ್ತರದಲ್ಲಿ ನೆಟ್ಟು ಕೋಲು ಕಟ್ಟುವುದು. ಶ್ರಾವಣ ಕಳೆದು ಚೌತಿಯ ಹೊತ್ತಿಗೆ ಬಿಳಿ, ಕುಂಕುಮ, ನೇರಳೆ, ಅರಿಶಿನದ ಹೂಗಳು ಊಟದ ಬಟ್ಟಲಿನಗಲ ಅರಳಿ, ನೀರು ತುಂಬಿ, ಭಾರಕ್ಕೆ ಬಾಗಿ ನಿಲ್ಲುತ್ತಿದ್ದವು. ಆಚೆ ಕೇರಿಯಲ್ಲಿ ಯಾರದೋ ಮನೆಯಲ್ಲಿ ಅಂಚು ಬಿಳಿ ಇರುವ ಕೆಂಪು ಡೇರೆ ಇದೆ ಎಂದು ಗೊತ್ತಾದರೆ, ಆ ಮನೆಯ ಶ್ರಾದ್ಧಕ್ಕೋ ಸತ್ಯನಾರಾಯಣ ಪೂಜೆಗೋ ಕರೆ ಬಂದ ದಿನ ಆಯಿ ಹೊರಟು, ಬರುವಾಗ ಸೆರಗಿನ ಗಂಟಿನಲ್ಲಿ ಒಂದು ಹಿಳ್ಳು ತಂದೇ ತರುತ್ತಿದ್ದಳು. ಬದಲಿಗೆ ನಮ್ಮ ಮನೆಯ ಯಾವುದೋ ಬಣ್ಣ ಅಲ್ಲಿಗೆ ಹೋಗುತ್ತಿತ್ತು. ಹೀಗೆ ಮನೆಯಿಂದ ಮನೆಗೆ, ತೌರಿನಿಂದ ಗಂಡನ ಊರಿಗೆ, ಸೆರಗಿನ ಗಂಟಿನಲ್ಲೇ ಇಡೀ ಸೀಮೆಯ ಹೂವೆಲ್ಲ ತಿರುಗಾಡಿದವು. ದುಡ್ಡು ಕೊಟ್ಟು ಡೇರೆ ಕೊಂಡ ಹೆಂಗಸನ್ನು ನಾವು ಆಗ ಕಂಡಿಲ್ಲ.

ಆರಿದ್ರೆ, ಪುನರ್ವಸು, ಪುಷ್ಯ. ಬೆಳಗು ಸಂಜೆಗಳಿಗೆ ವ್ಯತ್ಯಾಸವೇ ತಿಳಿಯದ ದಿನಗಳು. ಬಚ್ಚಲ ಹಂಡೆಯ ಒಲೆ ಆರುತ್ತಲೇ ಇರಲಿಲ್ಲ, ಅದರ ಮೇಲಿನ ದಬ್ಬೆಯ ಅಟ್ಟಳಿಗೆಯಲ್ಲಿ ನಮ್ಮ ಚಡ್ಡಿ ಅಂಗಿಗಳು ಒಣಗಿ ಹೊಗೆಯ ವಾಸನೆ ಹಿಡಿದು ಶಾಲೆಗೆ ಹೋಗುತ್ತಿದ್ದವು. ಕಂಬಳಿಕೊಪ್ಪೆ ಹೊದ್ದು ಸಂಕ ದಾಟಿ ಹೋದವರು ಕಾಲಿಗೆ ಉಂಬಳ ಹತ್ತಿಸಿಕೊಂಡು ಬರುತ್ತಿದ್ದೆವು, ಜಗಲಿಯ ಮೂಲೆಯಲ್ಲಿ ಸುಣ್ಣದ ಕರಡಿಗೆ ಅದಕ್ಕೆಂದೇ ಕಾಯುತ್ತಿತ್ತು.

ಆ ದಿನಗಳಲ್ಲಿ ಎರಡು ಗಳಿಗೆ ಮಳೆ ಬಿಟ್ಟರೆ ಸಾಕು, ಗಂಡಸರೆಲ್ಲ ಕೊಳೆಮದ್ದಿಗೆ ಏಳುತ್ತಿದ್ದರು. ಕೊಳೆ ಎಂದರೆ ಅಡಿಕೆ ಮನೆಯ ಜೀವಭಯ. ಎಳೆಕಾಯಿಗಳು ಒಂದು ವಾರದಲ್ಲಿ ಹಳಸಿ, ಪಟಪಟ ಉದುರಿ, ತೋಟದ ನೆಲವೆಲ್ಲ ಹುಳಿವಾಸನೆ. ಅಜ್ಜನ ಅಪ್ಪನ ಕಾಲಕ್ಕೆ ಒಂದೊಂದು ಕೊನೆಗೂ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದರಂತೆ. 1910ರ ಸುಮಾರಿಗೆ ಮೈಸೂರು ಸೀಮೆಯಲ್ಲಿ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಕೊಳೆಯ ಬೂಸನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣ ಹೊಡೆಯುವುದನ್ನು ತೋಟಿಗರಿಗೆ ಕಲಿಸಿದ್ದನ್ನು ಅಜ್ಜ ದೇವರ ಕತೆ ಹೇಳುವಷ್ಟೇ ಭಕ್ತಿಯಿಂದ ಹೇಳುತ್ತಿದ್ದ. ತೋಟದ ತಲೆಯಲ್ಲಿ ಮೂರು ಮರದ ಬಾನಿ. ಒಂದರಲ್ಲಿ ಮೈಲುತುತ್ತ ನೆನೆಹಾಕಿದ ನೀಲಿನೀರು, ಇನ್ನೊಂದರಲ್ಲಿ ಸುಣ್ಣದ ತಿಳಿ. ಒಂದು ಕಿಲೋ ಮೈಲುತುತ್ತಕ್ಕೆ ಒಂದು ಕಿಲೋ ಸುಣ್ಣ, ಎರಡೂ ಸೇರಿ 100 ಲೀಟರು ನೀರು. ಎರಡನ್ನೂ ಒಟ್ಟೊಟ್ಟಿಗೆ ಮೂರನೆಯ ಬಾನಿಗೆ ಸುರಿಯುವಾಗ ಆ ನೀಲಿ ತಿಳಿಯಾಗಿ, ಆಕಾಶದ ಬಣ್ಣಕ್ಕೆ ತಿರುಗುವುದನ್ನು ನೋಡಲಿಕ್ಕೆ ನಾವೆಲ್ಲ ಸುತ್ತುಗಟ್ಟಿ ನಿಲ್ಲುತ್ತಿದ್ದೆವು, ವಾರಗಟ್ಟಲೆ ಕಾಣದ ಬಣ್ಣ ಅದು. ಅಪ್ಪಯ್ಯ ಉಜ್ಜಿ ತೊಳೆದ ಕತ್ತಿಯನ್ನು ಅದರಲ್ಲಿ ಅದ್ದಿ, ಎತ್ತಿ, ಬೆಳಕಿಗೆ ಹಿಡಿಯುತ್ತಿದ್ದ. ಅಲಗು ಇದ್ದ ಹಾಗೇ ಇದ್ದರೆ ಮದ್ದು ಸರಿ. ತಾಮ್ರ ಹತ್ತಿ ಕೆಂಪಗಾದರೆ, "ಕತ್ತಿ ಕೆಂಪಾತು ನೋಡು, ಇನ್ನೊಂಚೂರು ಸುಣ್ಣ ಹಾಕು" ಅನ್ನುತ್ತಿದ್ದ. ಆಮೇಲೆ ಕೊನೆಗೌಡ ತಳೆ ಹಾಕಿ ಮರ ಏರುತ್ತಿದ್ದ, ಕೆಳಗೆ ಇಬ್ಬರು ಪಂಪು ಒತ್ತುತ್ತಿದ್ದರು, ಮೇಲಿನಿಂದ ಬೀಳುವ ಹನಿಗೆ ನಮ್ಮ ಹಾಳೆಟೊಪ್ಪಿಗಳೆಲ್ಲ ನೀಲಿ ಚುಕ್ಕೆ. ಮಳೆ ಬಂದರೆ ಹೊಡೆದ ಮದ್ದು ತೊಳೆದುಹೋಗುತ್ತದೆಂದು, ಮಧ್ಯಾಹ್ನ ಮೋಡ ಕವಿದರೆ ದೇವರ ಮುಂದೆ ದೀಪ ಹಚ್ಚಿಟ್ಟು ಅಮ್ಮಮ್ಮ ಬಾಗಿಲಲ್ಲೇ ಕೂತಿರುತ್ತಿದ್ದಳು.

ಅಷ್ಟರಲ್ಲಿ ಹಿತ್ತಲು ತುಂಬಿರುತ್ತಿತ್ತು. ಮಳೆಗಾಲದ ಊಟಕ್ಕೆ ಸೊಪ್ಪು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿರಲಿಲ್ಲ. "ಕೂಸೆ, ಒಂದು ಹಿಡಿ ಒಂದೆಲಗ ಕಿತ್ಕಂಡು ಬಾರೇ, ಮಜ್ಜಿಗೆ ಕಡದಾತು" ಅಂತ ಆಯಿ ಕಡೆಗೋಲಿನ ಹಗ್ಗ ಎಳೆಯುತ್ತಲೇ ಹೇಳಿದರೆ, ಅಕ್ಕ ಬರಿಗಾಲಲ್ಲಿ ಓಡಿ ಬಾವಿಕಟ್ಟೆಯ ಪಾಚಿಯ ಸಂದಿಯಿಂದ ಬೇರು ಸಮೇತ ಕಿತ್ತು, ಅಬ್ಬಿಯ ನೀರಿಗೆ ಹಿಡಿದು ತರುತ್ತಿದ್ದಳು. ತುಪ್ಪದಲ್ಲಿ ಜೀರಿಗೆ, ಕಾಳುಮೆಣಸು ಸಿಡಿದ ಕೂಡಲೇ ಸೊಪ್ಪು ಬಾಡಿಸಿ, ತೆಂಗಿನಕಾಯಿ ಜೊತೆ ಒರಳಲ್ಲಿ ತಿರುವಿ, ಹೊಸ ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಇಂದು ಒಂದೆಲಗ, ನಾಳೆ ಕನ್ನೆಕುಡಿ, ನಾಡಿದ್ದು ಸಾಂಬಾರಬಳ್ಳಿ, ಜ್ವರ ಬಂದವನಿಗೆ ಮೆಣಸಿನದು, ಹೊಟ್ಟೆ ಕೆಟ್ಟವನಿಗೆ ದಾಳಿಂಬೆ ಕುಡಿಯದು. ಮದ್ದು ಯಾವುದು, ಪದಾರ್ಥ ಯಾವುದು ಎಂಬ ಭೇದ ನಮ್ಮ ಎಲೆಯ ಮೇಲೆ ಇರಲಿಲ್ಲ. ಕೆಸುವಿನ ಎಲೆಗೆ ಹಿಟ್ಟು ಸವರಿ ಸುರುಳಿ ಸುತ್ತಿ ಬೇಯಿಸಿದ ಪತ್ರೊಡೆ, ಅದೇ ಎಲೆಯನ್ನು ಹುಳಿ ಹಾಕಿ ಕುದಿಸಿದ ಕರ್ಕಲಿ, ಬೆಟ್ಟದಿಂದ ತಂದು ಮೂರು ದಿನ ನೀರಲ್ಲಿಟ್ಟು ಕಹಿ ಕಳೆದ ಕಳಲೆ, ಎಳೆ ಮೊಗೆಕಾಯಿ ತುರಿದು ಹಾಕಿದ ತೆಳ್ಳೇವು. ಕಾವಲಿಯ ಮೇಲೆ ತೆಳ್ಳೇವಿನ ಹಿಟ್ಟು ಚುಂಯ್ ಅಂದದ್ದು ಕೇಳಿದರೆ ಹೊರಗೆ ಎಷ್ಟು ಮಳೆ ಹೊಯ್ಯುತ್ತಿದ್ದರೂ ಮಕ್ಕಳೆಲ್ಲ ಒಲೆಕಟ್ಟೆಯ ಹತ್ತಿರ ಸೇರುತ್ತಿದ್ದೆವು. ಮೇಲೆ ಬಿಸಿ ತುಪ್ಪ, ಪಕ್ಕದಲ್ಲಿ ಜೋನಿಬೆಲ್ಲ. ಮೊದಲು ಬಂದವರಿಗೆ ಮೊದಲಿನದು. ಕೊನೆಯದು ಆಯಿಗೆ, ಅದೂ ತಣ್ಣಗಾಗಿ, ಕೆಲವೊಮ್ಮೆ ಅರ್ಧ.

ಅದನ್ನು ನಾವು ಆಗ ನೋಡುತ್ತಿದ್ದೆವು, ಕಾಣುತ್ತಿರಲಿಲ್ಲ. ಬೆಳಗಿನ ಜಾವಕ್ಕೆ ಎದ್ದು ಕೊಟ್ಟಿಗೆಗೆ ಹೋದವಳು, ಹಾಲು ಕರೆದು, ಆಸ್ರಿಗೆ ಮಾಡಿ, ಅಕ್ಕಚ್ಚು ಕಾಸಿ ಮರಿಗೆಗೆ ಹೊಯ್ದು, ಮುಸುರೆ ತಿಕ್ಕಿ, ದೋಸೆ ಎರೆದು, ಅಡುಗೆ ಮಾಡಿ, ಮಧ್ಯಾಹ್ನ ಮನೆಮಂದಿ ಒರಗಿದ ಹೊತ್ತಿನಲ್ಲಿ ಕತ್ತಿ ಹಿಡಿದು ಹಿತ್ತಲಿಗೆ ಇಳಿಯುತ್ತಿದ್ದಳು. ಅವಳ ಹಿಮ್ಮಡಿ ವರ್ಷವಿಡೀ ಒಡೆದಿರುತ್ತಿತ್ತು. ರಾತ್ರಿ ದೀಪದ ಬುಡದಲ್ಲಿ ಕೂತು ಅದಕ್ಕೆ ಮುರುಗಲ ತುಪ್ಪ ಕಾಸಿ ಹಚ್ಚಿಕೊಳ್ಳುತ್ತಿದ್ದಳು, ಆ ಜಿಡ್ಡಿನ ವಾಸನೆ ಈಗಲೂ ನೆನಪಿದೆ. ಬೇಸರ ಆಗುವುದಿಲ್ಲವೇ ಅಂತ ಚಿಕ್ಕಮ್ಮ ಒಮ್ಮೆ ಕೇಳಿದಾಗ, "ಹಿತ್ತಲಿಗೆ ಹೋದ್ರೆ ಯಾರೂ ಕರಿತ್ವಿಲ್ಲೆ ತಂಗಿ, ಅದೇ ಸುಖ" ಅಂದಳು. ನನಗೆ ಅನ್ನಿಸುವುದು ಇಷ್ಟು: ಅಷ್ಟು ದೊಡ್ಡ ಮನೆಯಲ್ಲಿ ಅವಳದೇ ಅನ್ನುವ ಕೋಣೆ ಇರಲಿಲ್ಲ, ಇದ್ದದ್ದು ಆ ಒಂದು ತುಂಡು ನೆಲ.

ಭೂಮಿ ಹುಣ್ಣಿಮೆಗೆ ಹಿತ್ತಲಿನ ನೂರೆಂಟು ಸೊಪ್ಪು ತರಕಾರಿಯ ಒಂದೊಂದು ಚೂರು ಹಾಕಿ ಮಾಡಿದ ಬೆರಕೆ ಪದಾರ್ಥವನ್ನು ಗದ್ದೆಗೂ ತೋಟಕ್ಕೂ ಒಯ್ದು ಎಡೆ ಇಡುತ್ತಿದ್ದರು, ಬಸುರಿಗೆ ಬಯಕೆ ಬಡಿಸುವ ಲೆಕ್ಕದಲ್ಲಿ. ಅಲ್ಲಿಂದ ಮುಂದೆ ದೊಡ್ಡಹಬ್ಬ, ಅಂದರೆ ದೀಪಾವಳಿ. ಬೂರೆ ನೀರು ತುಂಬುವ ರಾತ್ರಿ ಊರ ಹುಡುಗರು ಯಾರ ಹಿತ್ತಲಲ್ಲಿ ಏನು ಕದ್ದರೂ ಬೈಯುವ ಹಾಗಿಲ್ಲ. ನಮ್ಮ ಚಪ್ಪರದ ಸೌತೆಕಾಯಿ ಬೆಳಗಾಗುವುದರೊಳಗೆ ದೇವಸ್ಥಾನದ ಕಟ್ಟೆಯ ಮೇಲಿರುತ್ತಿತ್ತು, ಅವರ ಮನೆಯ ಚೀನಿಕಾಯಿ ನಮ್ಮ ಬಾವಿಕಟ್ಟೆಯ ಮೇಲೆ. ಗೋಪೂಜೆಯ ದಿನ ದನಗಳ ಮೈಗೆ ಕೆಮ್ಮಣ್ಣು ಮತ್ತು ಶೇಡಿಯ ವರ್ತುಲ ಒತ್ತಿ, ಚೆಂಡುಹೂ, ಪಚ್ಚೆತೆನೆ, ಹಣ್ಣಡಿಕೆ, ಸಿಂಗಾರ ಪೋಣಿಸಿದ ದಂಡೆ ಕೊರಳಿಗೆ ಕಟ್ಟಿ ಬಿಟ್ಟರೆ, ಒಂದರ ಕೊರಳಿನದನ್ನು ಇನ್ನೊಂದು ತಿನ್ನುತ್ತ ಬೇಣದ ಕಡೆ ಓಡುತ್ತಿದ್ದವು. ಅವುಗಳ ಹಿಂದೆ ನಾವು.

ಹಬ್ಬ ಕಳೆದರೆ ಕೊನೆಕೊಯ್ಲು. ಕೊನೆಗೌಡ ಒಂದು ಮರದ ತುದಿಯಿಂದ ಇನ್ನೊಂದನ್ನು ದೋಟಿಯಲ್ಲಿ ಎಳೆದು, ಕೆಳಗಿಳಿಯದೆ ಮರದಿಂದ ಮರಕ್ಕೆ ದಾಟುತ್ತಿದ್ದ. ಕೊಯ್ದ ಕೊನೆ ನೇಣಿನಲ್ಲಿ ಜಾರಿ ಸರ್ರನೆ ಬರುತ್ತಿತ್ತು. ನೇಣು ಹಿಡಿಯುವವನ ಕೈ ಗಟ್ಟಿ ಇರಬೇಕು, ಆ ಕೆಲಸ ಸಿಕ್ಕ ವರ್ಷ ಅಣ್ಣ ದೊಡ್ಡವನಾದ ಎಂದು ನಾವೆಲ್ಲ ಒಪ್ಪಿಕೊಂಡೆವು. ಉದುರಡಿಕೆ ಹೆಕ್ಕುವುದು ಸಣ್ಣವರಿಗೆ, ಬುಟ್ಟಿ ತುಂಬಿದರೆ ನಾಲ್ಕಾಣೆ. ರಾತ್ರಿ ಅಂಗಳದ ಚಪ್ಪರದ ಕೆಳಗೆ ಗ್ಯಾಸ್‌ಲೈಟು ಹಚ್ಚಿ ಸುಲಿಯಲು ಕೂರುತ್ತಿದ್ದರು. ಕೇರಿಯ ಹೆಂಗಸರು, ಗಂಡಸರು, ಮೆಟ್ಟುಗತ್ತಿಯ ಎರಡು ಸಾಲು. ಡಬ್ಬಿ ಲೆಕ್ಕದ ಕೂಲಿ. ಕತ್ತಿಗೆ ಅಡಿಕೆ ಒತ್ತಿದಾಗಿನ ಚರಕ್ ಸಪ್ಪಳ ನೂರು ಕಡೆಯಿಂದ ಏಳುತ್ತಿದ್ದಂತೆ, ಯಾರೋ ಒಬ್ಬರು ಕತೆ ಎತ್ತುತ್ತಿದ್ದರು, ಹಿಂದಿನ ವಾರ ನೋಡಿದ ಆಟದ ಕೌರವನ ಮಾತನ್ನು ಇನ್ನೊಬ್ಬರು ಅರ್ಥ ಸಮೇತ ಹೇಳುತ್ತಿದ್ದರು, ಒಂಬತ್ತು ಗಂಟೆಗೆ ಒಂದು ಸುತ್ತು ಬೆಲ್ಲದ ಚಾ, ಹುರಿದ ಹಲಸಿನ ಬೇಳೆ. ಸಿಪ್ಪೆರಾಶಿಯ ಮೇಲೆ ಮಲಗಿ ಕೇಳುತ್ತಿದ್ದ ನಾವು ಕತೆಯ ನಡುವೆಲ್ಲೋ ನಿದ್ದೆಹೋಗಿ, ಬೆಳಿಗ್ಗೆ ಹಾಸಿಗೆಯಲ್ಲಿ ಏಳುತ್ತಿದ್ದೆವು. ಎತ್ತಿ ಒಯ್ದದ್ದು ಯಾರೆಂದು ಕೇಳಿದವರಿಲ್ಲ. ಎದ್ದು ಬಂದರೆ ಅಂಗಳದ ಒಲೆಯಲ್ಲಿ ದೊಡ್ಡ ಹಂಡೆ ಕುದಿಯುತ್ತಿರುತ್ತಿತ್ತು, ತೊಗರಿನ ಕೆಂಪು ವಾಸನೆ ಉಪ್ಪರಿಗೆಯವರೆಗೆ ಹತ್ತಿರುತ್ತಿತ್ತು.

ಚಳಿ ಹರಿದ ಮೇಲೆ ಬೆಟ್ಟದ ಕೆಲಸ. ನಮ್ಮ ಜಿಲ್ಲೆಯ ಘಟ್ಟದ ಮೇಲಿನ ತೋಟಿಗರಿಗೆ 1 ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಅನುಕೂಲ ಬ್ರಿಟಿಷರ ಕಾಲದಿಂದ ಬಂದದ್ದು. ಹಸಿರುಸೊಪ್ಪು ತೋಟದ ಬರಣಕ್ಕೆ, ಒಣ ದರಕು ಕೊಟ್ಟಿಗೆಯ ಹಾಸಿಗೆಗೆ, ಅದೇ ಹಾಸು ಗೊಬ್ಬರವಾಗಿ ಮತ್ತೆ ತೋಟಕ್ಕೆ ಮತ್ತು ಹಿತ್ತಲಿಗೆ. ಬೆಟ್ಟ ಇಲ್ಲದಿದ್ದರೆ ತೋಟವೂ ಇಲ್ಲ, ಮೊಗೆಕಾಯಿಯೂ ಇಲ್ಲ ಎಂಬುದು ಹೇಳಿಕೊಡದೆ ಮಕ್ಕಳಿಗೆ ತಿಳಿದಿತ್ತು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ಕಡಿತ ನಿಲ್ಲಿಸಿದ ಸುದ್ದಿ ನಮ್ಮ ಜಗಲಿಗೆ ಬಂದ ದಿನ, ರಾಜಕೀಯ ಅಂದರೆ ಎದ್ದು ಹೋಗುತ್ತಿದ್ದ ಅಮ್ಮಮ್ಮ ಅಲ್ಲೇ ಕೂತು ಎಲ್ಲ ಕೇಳಿಸಿಕೊಂಡಳು.

ಮಾರ್ಚಿ ಏಪ್ರಿಲಿನಲ್ಲಿ ಮಿಡಿ. ಹೊಳೆದಂಡೆಯ ಅಪ್ಪೆಮರದ ಮಿಡಿಯನ್ನು ನೆಲಕ್ಕೆ ಬೀಳಿಸದೆ, ತೊಟ್ಟು ಮುರಿಯದೆ ಇಳಿಸಬೇಕು. ಸೊನೆಯ ಘಮದಲ್ಲೇ ಇದು ಜೀರಿಗೆ ಅಪ್ಪೆ, ಇದು ಕರ್ಪೂರದ್ದು ಎಂದು ಅಜ್ಜ ಹೇಳುತ್ತಿದ್ದ. ಭರಣಿಯಲ್ಲಿ ಉಪ್ಪು ಮಿಡಿ, ಉಪ್ಪು ಮಿಡಿ ಎಂದು ಪದರ ಹಾಕಿ, ಮಿಡಿ ಮುರುಟಿದ ಮೇಲೆ ಸಾಸಿವೆ ಖಾರ ಅರೆಯುವ ದಿನ ಮಕ್ಕಳಿಗೆ ಅಡುಗೆಮನೆಗೆ ಪ್ರವೇಶವಿಲ್ಲ, ಕೈ ತಾಗಿದರೆ ಬೂಸು ಬರುತ್ತದೆಂದು. ಮೇ ತಿಂಗಳು ಹಲಸಿನದು. ಬಕ್ಕೆಯ ಸೊಳೆ ಬೇಯಿಸಿ ಒರಳಲ್ಲಿ ಕುಟ್ಟಿ, ಉಂಡೆ ಮಾಡಿ, ಎರಡು ಬಾಳೆಲೆಯ ನಡುವೆ ಮಣೆಯಿಂದ ಒತ್ತಿ ಹಪ್ಪಳ ಮಾಡಿದರೆ, ಚಾಪೆಯ ಮೇಲೆ ಕಾಗೆ ಕಾಯುವ ಕೆಲಸ ನಮಗೆ. ಅರ್ಧ ಒಣಗಿದ ಹಪ್ಪಳವನ್ನು ಹರಿದು ತಿನ್ನುವ ರುಚಿಯನ್ನು ಎಣ್ಣೆಯಲ್ಲಿ ಕರಿದದ್ದು ಎಂದೂ ಕೊಟ್ಟಿಲ್ಲ.

ಅದೆಲ್ಲ ಹೋದದ್ದು ಒಂದೇ ದಿನದಲ್ಲಲ್ಲ. ಮೊದಲು ಅಜ್ಜ, ಎರಡು ಮಳೆಗಾಲದ ಆಮೇಲೆ ಅಮ್ಮಮ್ಮ. ಆಸ್ತಿ ಹಿಸೆಯಾಯಿತು, ಜಗಳವಿಲ್ಲದೆ, ಎಲ್ಲರೂ ಅತ್ತುಕೊಂಡೇ ಸಹಿ ಹಾಕಿದರು. ನಾವು ಓದಿದೆವು, ಓದಿದ್ದಕ್ಕೆ ಬೆಂಗಳೂರು, ಪುಣೆ, ಅದರಾಚೆಯ ಊರುಗಳು ಸಿಕ್ಕವು, ಅಕ್ಕಂದಿರು ಗಂಡನ ಮನೆಯ ಹಿತ್ತಲುಗಳಿಗೆ ಹೋದರು. ಕೊಟ್ಟಿಗೆಯಲ್ಲಿ ಎಂಟು ಇದ್ದದ್ದು ಮೂರಾಗಿ, ಒಂದಾಗಿ, ಈಗ ಅಲ್ಲಿ ಬೈಕು ನಿಲ್ಲುತ್ತದೆ. ಗೊಬ್ಬರ ಲಾರಿಯಲ್ಲಿ ಬರುತ್ತದೆ, ಅಡಿಕೆಯನ್ನು ಯಂತ್ರ ಸುಲಿಯುತ್ತದೆ. ಸಗಣಿ ಇಲ್ಲದ ಮೇಲೆ, ಒಲೆಯ ಹೊಗೆ ಇಲ್ಲದ ಮೇಲೆ, ಗೋಡೆಗೆ ಬಳಿದ ಬಣ್ಣ ಹಾಳಾಗಬಾರದೆಂದ ಮೇಲೆ, ಬೀಜ ಎಲ್ಲಿ ಮೆತ್ತುವುದು? ಆಯಿ ಕೈಲಾಗುವವರೆಗೆ ಬಿಡಲಿಲ್ಲ. ಮಂಗಗಳ ಹಿಂಡು ಬೇಲಿ ಹಾರಿ ಮೊಗ್ಗಿನ ಸಮೇತ ಚಪ್ಪರ ಕಿತ್ತೊಗೆದ ವರ್ಷ, ಹಂದಿಗಳು ಸುವರ್ಣಗಡ್ಡೆಯ ಸಾಲು ಬಗೆದ ವರ್ಷ, ಮತ್ತೆ ಮತ್ತೆ ನೆಟ್ಟಳು. ಕೊನೆಕೊನೆಗೆ ಬಚ್ಚಲ ಬದಿಯ ಬಸಳೆ, ಬಾವಿಕಟ್ಟೆಯ ಒಂದೆಲಗ, ಮೂರು ಬಣ್ಣದ ಡೇರೆ ಇಷ್ಟೇ ಉಳಿದವು. ಅವಳು ತೀರಿಕೊಂಡ ವರ್ಷ ಡೇರೆಗಡ್ಡೆ ತೆಗೆದಿಡಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆದಾಗ ಮಳೆ ಹಿಡಿದಾಗಿತ್ತು.

ತೋಟ ಇದೆ. ಎಲೆಚುಕ್ಕಿ ರೋಗದ ಹೆದರಿಕೆ ಇದ್ದರೂ ಅಡಿಕೆ ಬರುತ್ತಿದೆ, 2019ರಲ್ಲಿ ಸಿರಸಿ ಸುಪಾರಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಬಂತು, ಅಜ್ಜ ಇದ್ದಿದ್ದರೆ ಆ ಸುದ್ದಿಯ ಕಾಗದ ಕತ್ತರಿಸಿ ಪುಸ್ತಕದೊಳಗೆ ಇಡುತ್ತಿದ್ದ. ಊರಲ್ಲಿ ಉಳಿದ ತಮ್ಮ ಅಚ್ಚುಕಟ್ಟಾಗಿ ನೋಡಿಕೊಳ್ಳುತ್ತಾನೆ, ಅವನ ಮೇಲೆ ನಮಗೆಲ್ಲ ಅಭಿಮಾನವಿದೆ. ಹಿತ್ತಲಲ್ಲಿ ಈಗ ಅಡಿಕೆ ಸಸಿ ನೆಟ್ಟಿದ್ದಾನೆ. ತರಕಾರಿ ಮಂಗಳವಾರದ ಸಂತೆಯಿಂದ ಬರುತ್ತದೆ. ಮೊಗೆಕಾಯಿ ಅಲ್ಲಿ ಸಿಕ್ಕರೂ ನಮ್ಮ ಬಳ್ಳಿಯದಲ್ಲ. ನಮ್ಮದು ಉದ್ದಕ್ಕೆ ಹಸಿರು ಗೀರು ಇದ್ದು, ತೊಟ್ಟಿನ ಹತ್ತಿರ ಸ್ವಲ್ಪ ಕುತ್ತಿಗೆ ಹಿಡಿದದ್ದು, ಅಟ್ಟದಲ್ಲಿ ಬಾಳೆಪಟ್ಟೆ ಕಟ್ಟಿ ತೂಗಿಟ್ಟರೆ ಮುಂದಿನ ಯುಗಾದಿಯವರೆಗೆ ಕೆಡದೆ ಇರುವುದು. ಅದರ ಬೀಜ ಈಗ ನಮ್ಮ ಕುಟುಂಬದ ಯಾವ ಕವಲಿನಲ್ಲೂ ಇಲ್ಲ, ಎಲ್ಲರನ್ನೂ ಕೇಳಿಯಾಯಿತು.

ಸಿರಸಿ, ಸಿದ್ದಾಪುರ, ಯಲ್ಲಾಪುರ, ಸಾಗರದ ಕಡೆ ನಿಮ್ಮದೂ ಒಂದು ಹಳೆಮನೆ ಇದ್ದರೆ, ಅಲ್ಲಿ ಇನ್ನೂ ಹಿತ್ತಲಿಗೆ ಇಳಿಯುವ ಆಯಿಯೋ ಅತ್ತೆಯೋ ದೊಡ್ಡಮ್ಮನೋ ಇದ್ದರೆ, ಈ ರೋಹಿಣಿ ಮಳೆಗೆ ಮುಂಚೆ ಒಮ್ಮೆ ಹೋಗಿ ಬನ್ನಿ. ಬೀಜ ಎಲ್ಲಿಟ್ಟಿದ್ದಾರೆ, ಯಾವ ಬಳ್ಳಿಗೆ ಯಾವ ಜಾಗ ಎಂದು ಕೇಳಿಕೊಳ್ಳಿ. ಗೀರಿನ ಮೊಗೆಕಾಯಿಯ ಬೀಜ ಸಿಕ್ಕರೆ ನಾಲ್ಕು ನಮಗೂ ಎತ್ತಿಡಿ, ನಾವೇ ಬಂದು ಒಯ್ಯುತ್ತೇವೆ.